ಹಿಮದ್ವೀಪದ ಪ್ರಜೆ ಸ್ಟ್ಯಾನ್ಲಿ

ಒಮಾನಿನ ವಾದಿ ಅದಾಯ್‌ನ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ದುಡಿಯುವ ಶಿರ್ವದ ಸ್ಟ್ಯಾನ್ಲಿ ಇನ್ನೊಂದು ದೇಶದ ಪ್ರಜೆಯೂ ಆಗಿದ್ದ. ಒಮಾನಿನದಲ್ಲ, ತಲೆಗೂದಲೆಲ್ಲ ಇಲ್ಲೇ ಉದುರಿದರೂ ಒಮಾನ್ ಅವನಿಗೆ ವೀಸಾ ಕೊಟ್ಟಿತ್ತು, ಅಷ್ಟೆ. ಆ ಇನ್ನೊಂದು ದೇಶವೆಂದರೆ ದಕ್ಷಿಣ ಧ್ರುವದ ಕಡೆಯ, ಮಂಜುಗಡ್ಡೆ ಮುಚ್ಚಿದ ಒಂದು ದ್ವೀಪ. ಫಿನ್ಲೆಂಡಿನ ನಿವೃತ್ತ ಮೇಷ್ಟ್ರೊಬ್ಬರು ಅದನ್ನು ತಮ್ಮ ದೇಶವೆಂದು ಘೋಷಿಸಿ, ಕೂತಲ್ಲೇ ಅಧ್ಯಕ್ಷರಾಗಿದ್ದರು. ಜಗತ್ತಿನ ಯಾವ ಸರಕಾರವೂ ಒಪ್ಪಿರಲಿಲ್ಲ. ಅಧ್ಯಕ್ಷರೂ ಅಲ್ಲಿ ಕಾಲಿಟ್ಟವರಲ್ಲ.

ಸ್ಟ್ಯಾನ್ಲಿಗೆ ಇದೆಲ್ಲ ಗೊತ್ತಿತ್ತು. ಮದುವೆಯಾಗದೆ ಉಳಿದ ಗಂಡಸಿಗೆ ಶುಕ್ರವಾರದ ರಜೆ ಬಲು ಉದ್ದ. ಅಂಥದೊಂದು ಶುಕ್ರವಾರ ಮೊಬೈಲ್ ಕೆದಕುತ್ತಿದ್ದಾಗ ಈ ದೇಶ ಕಣ್ಣಿಗೆ ಬಿತ್ತು, ಅರ್ಜಿ ಹಾಕಿದ, ಪ್ರಜೆಯಾಗಿಯೇ ಬಿಟ್ಟ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗೆ, ತನಗೀಗ ಹೊಸ ದೇಶ ಸಿಕ್ಕಿದೆಯೆಂದು ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಜಂಬ ಕೊಚ್ಚಿಕೊಂಡ.

ಸೆಪ್ಟೆಂಬರಿನಲ್ಲಿ ಅವನ ಊರಿನ ಕ್ರೈಸ್ತರಿಗೆ ತೆನೆ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ತಂದು, ಕಾಳು ಬಿಡಿಸಿ, ಮನೆಯವರಿಗೆಲ್ಲ ಹಂಚುತ್ತಾರೆ. ದೂರದಲ್ಲಿರುವವರ ಪಾಲನ್ನು ತೆಗೆದಿಟ್ಟು ಹೇಗಾದರೂ ಮುಟ್ಟಿಸುತ್ತಾರೆ. ಆ ನಾಲ್ಕು ಕಾಳು ಕೈಸೇರಿದರೆ ಮನೆಯವರು ನಮ್ಮನ್ನು ಬಿಟ್ಟಿಲ್ಲ ಎಂದರ್ಥ. ಸ್ಟ್ಯಾನ್ಲಿ ವರ್ಷವಿಡೀ ಕಾಯುತ್ತಿದ್ದುದು ಅದೊಂದಕ್ಕೇ.

ಈ ಸಲ ರಜೆ ಮುಗಿಸಿ ಊರಿನಿಂದ ಒಮಾನಿಗೆ ಮರಳಿದ ನೆರೆಮನೆಯ ಡೆಸ್ಮಂಡ್ ರೂವಿ ಪೇಟೆಯಲ್ಲಿ ಊರವರಿಗೆಲ್ಲ ಅವರವರ ಕಾಳು ಕೊಟ್ಟ. ಸ್ಟ್ಯಾನ್ಲಿಯದು ಇರಲಿಲ್ಲ. ಮರೆತಿರಬೇಕೆಂದು ಅವನು ಅಣ್ಣನ ಹೆಂಡತಿ ಉರ್ಸುಲಾಗೆ ಫೋನ್ ಮಾಡಿದ. ಮರೆತಿರಲಿಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಪಾಲು ಗಂಡನ ಮನೆಯಲ್ಲಿ. ಇವನದೂ ಹಾಗೆಯೇ ಎಂದು ಅವಳು ಲೆಕ್ಕ ಹಾಕಿದ್ದಳು.

"ನಿನಗೆ ಬೇರೆ ದೇಶ ಆಯ್ತಲ್ಲ ಸ್ಟ್ಯಾನ್ಲಿ. ಅಲ್ಲಿ ನಿನ್ನ ಜನ ಉಂಟಲ್ಲ," ಎಂದಳು. ಮಾತಿನಲ್ಲಿ ಕುಹಕವಿರಲಿಲ್ಲ.

"ಅಲ್ಲಿ ಯಾರೂ ಇಲ್ಲ ಅತ್ತಿಗೆ. ಬರೀ ಐಸ್."

ಹಂಚಿ ಮುಗಿದಿದೆ, ಬರುವ ವರ್ಷ ಖಂಡಿತ ಕಳಿಸುತ್ತೇನೆ ಎಂದಳು ಉರ್ಸುಲಾ. ಪಾಪ, ಅವಳಿಗೂ ಬೇಸರವಾಗಿತ್ತು. ಫೋನ್ ಇಟ್ಟ ಮೇಲೆ ಸ್ಟ್ಯಾನ್ಲಿಗೆ ಅಳು ಬಂತು. ಐವತ್ತು ದಾಟಿದ ಗಂಡಸು ನಾಲ್ಕು ಕಾಳು ಭತ್ತಕ್ಕೆ ಅಳುವುದುಂಟೇ? ಅತ್ತ.

ಸಿಟ್ಟೆಲ್ಲ ದ್ವೀಪದ ಮೇಲೆ ತಿರುಗಿತು. ನನ್ನ ಹೆಸರು ತೆಗೆದುಹಾಕಿ ಎಂದು ಅಧ್ಯಕ್ಷರಿಗೆ ಒರಟಾಗಿಯೇ ಮೆಸೇಜ್ ಮಾಡಿದ. ಸರಕಾರದ ಕೆಲಸ, ತಿಂಗಳು ಹಿಡಿದೀತು ಅಂದುಕೊಂಡಿದ್ದ. ಉತ್ತರ ಆಗಲೇ ಬಂತು. ತೆಗೆಯಲು ಅಡ್ಡಿಯಿಲ್ಲ, ಆದರೆ ಉಳಿದವರೆಲ್ಲ ಎಂದೋ ಬಿಟ್ಟುಹೋಗಿದ್ದಾರೆ, ನನ್ನ ಹೆಂಡತಿಯೂ ತೀರಿಕೊಂಡ ಮೇಲೆ ಪ್ರಜೆ ಅಂತ ಇರುವುದು ನೀವೊಬ್ಬರೇ ಎಂದು ಅಧ್ಯಕ್ಷರು ಬರೆದಿದ್ದರು.

ಸ್ಟ್ಯಾನ್ಲಿ ಅದನ್ನು ಮತ್ತೆ ಮತ್ತೆ ಓದಿದ. ಕೊನೆಗೆ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, ಊಟ ಆಯ್ತಾ ಎಂದು ಕೇಳಿದ.