ನೀಲಿ ಜಾಡಿಯ ಜಾತಕ

ಅವ್ವ ಸಾಯುವ ಮುಂಚೆ ನನ್ನ ಕೈಗೆ ಕೊಟ್ಟಿದ್ದು ಒಂದು ನೀಲಿ ಗಾಜಿನ ಜಾಡಿ. ಗುಂಡು ಹೊಟ್ಟೆ, ಸಣ್ಣ ಕತ್ತು, ಮೇಲೆ ಚೂಪು ಮುಚ್ಚಳ. ದಾವಣಗೆರೆಯ ನನ್ನ ಗಂಡನ ಮನೆಗೆ ಅದು ಬಂದ ದಿನವೇ ಮಾವನವರು ಕಣ್ಣು ಕೆಂಪಗೆ ಮಾಡಿದರು.

"ಹೆಂಡದ ಜಾಡಿ ಇದು. ಲಿಂಗ ಕಟ್ಟಿದ ಮನ್ಯಾಗ ಬ್ಯಾಡ. ಹಳೇ ಸಾಮಾನಿನವ್ನಿಗೆ ಕೊಟ್ಟುಬಿಡು."

"ಹೆಂಡದ್ದಲ್ರಿ ಮಾವಾರ, ಅತ್ತರಿನ ಜಾಡಿ," ಎಂದೆ. ಗೊತ್ತಿದ್ದು ಹೇಳಿದ್ದಲ್ಲ, ಹಟಕ್ಕೆ ಹೇಳಿದ್ದು.

"ಹಂಗಂತ ಯಾವ ಪುಸ್ತಕದಾಗ ಐತೆ, ತೋರ್ಸು. ದೀಪಾವಳಿ ತನಕ ಬಿಡ್ತೀನಿ."

ಅವರು ಕುಹಕಕ್ಕೆ ಅಂದರು, ನಾನು ಅದನ್ನೇ ಹಿಡಿದುಕೊಂಡೆ. ಅರವತ್ತರ ದಶಕದ ಹತ್ತಿ ವ್ಯಾಪಾರದ ಊರಿನಲ್ಲಿ ಗಾಜಿನ ಮೇಲಿನ ಪುಸ್ತಕ ಎಲ್ಲಿಂದ ಬರಬೇಕು? ಪುಸ್ತಕದಂಗಡಿಯವರು ನಕ್ಕರು. ರದ್ದಿ ಅಂಗಡಿಯವನೊಬ್ಬ, "ಯಾಕ್ರಿ ಅಮ್ಮಾರ, ಬಳೆ ಅಂಗಡಿ ಹಾಕ್ತೀರೇನು?" ಎಂದ. ಹಬ್ಬಕ್ಕೆ ಮನೆ ಬಳಿದು ಹಳೆಯ ಕಾಗದ ಹೊರಹಾಕುವ ಕಾಲ ಅದು. ನಾನು ಸೆರಗು ಸಿಕ್ಕಿಸಿಕೊಂಡು ರದ್ದಿಯ ಗುಡ್ಡೆಗಳನ್ನು ಕೆದಕಿದೆ. ಜನ ನೋಡಿದರು. ನೋಡಲಿ ಬಿಡಿ, ನನಗೇನು!

ಹರಿಹರದ ರದ್ದಿ ಅಂಗಡಿಗೆ, ಊರು ಬಿಟ್ಟುಹೋದ ಇಂಗ್ಲಿಷ್ ದೊರೆಯೊಬ್ಬನ ಪುಸ್ತಕಗಳು ಬಂದಿವೆ ಎಂದು ಕೇಳಿ ಬಸ್ಸಿಗೆ ಹೊರಟೆ. ಅತ್ತೆ ಪಿಸುಗುಟ್ಟಿದರು: "ಉಕ್ಕಡಗಾತ್ರಿ ಗುಡಿಗೆ ಹರಕೆ ಐತೆ ಅನ್ನವ್ವಾ, ಯಾರೂ ಏನೂ ಅನ್ನಲ್ಲ."

"ದೇವ್ರ ಹೆಸ್ರು ಯಾಕ್ರಿ ಅತ್ತಿ? ಪುಸ್ತಕಕ್ಕೆ ಹೊಂಟೀನಿ," ಎಂದು ಮಾವನವರಿಗೆ ಕೇಳಿಸುವಂತೆಯೇ ಹೇಳಿದೆ.

ಪುಸ್ತಕ ಸಿಕ್ಕಿತು! ವಿಲಾಯತಿಯ ಹಳೆಯ ಗಾಜಿನ ಸಾಮಾನುಗಳದ್ದೇ ವಿವರ. ಮೆಟ್ರಿಕ್ ಓದಿದವಳು, ತಿಣುಕಿದರೆ ಇಂಗ್ಲಿಷ್ ಅರ್ಥವಾಗುತ್ತಿತ್ತು. ಆದರೆ ತೆರೆದರೆ ಒಂದೂ ಚಿತ್ರವಿಲ್ಲ. ಬಣ್ಣದ ಚಿತ್ರಗಳನ್ನೆಲ್ಲ ಕಿತ್ತು ರದ್ದಿಯವನು ಪಟಗಳಿಗೆ ಕಟ್ಟು ಹಾಕುವ ಅಂಗಡಿಗೆ ಮಾರಿದ್ದ. ಆಗ ಬಣ್ಣದ ಚಿತ್ರವಾದರೆ ಸಾಕು, ಯಾವುದಾದರೇನು, ಕಟ್ಟು ಹಾಕಿಸಿ ಗೋಡೆಗೇರಿಸುತ್ತಿದ್ದರು. ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಕಟ್ಟಿನವನ ಬೆನ್ನು ಹತ್ತಿದೆ. ನೀಲಿ ಜಾಡಿಯ ಚಿತ್ರವೇನಾದರೂ ಇತ್ತೇ ಎಂದು ಕೇಳಿದರೆ, ಅದು ದೇವಸ್ಥಾನದ ಹಿಂದಿನ ಬೀದಿಯ ಒಂದು ಮನೆಗೆ ಹೋಗಿದೆ ಎಂದ.

ಆ ಮನೆಯಾಕೆ "ಬರ್ರಿ, ಕೂಡ್ರಿ" ಎಂದು ಒಳಗೆ ಕರೆದಳು. ಚಿತ್ರ ದೇವರ ಕೋಣೆಯಲ್ಲಿತ್ತು. ನನ್ನ ಜಾಡಿಯದೇ! ಅದೇ ಹೊಟ್ಟೆ, ಅದೇ ಕತ್ತು. ಅದಕ್ಕೆ ವಿಭೂತಿ ಹಚ್ಚಿ ಚೆಂಡುಹೂ ಏರಿಸಿದ್ದರು.

"ಕಳಸ ರೀ. ಎಷ್ಟು ಲಕ್ಷಣ ಐತೆ ನೋಡ್ರಿ! ಕೆಳಗ ಇಂಗ್ಲಿಷ್‌ನಾಗ ಏನೋ ಬರ್ದೈತೆ, ಓದಿ ಹೇಳ್ರಿ."

ಓದಿದೆ. ದ್ರಾಕ್ಷಿ ಸಾರಾಯಿ ತುಂಬಿಡುವ ಜಾಡಿ ಎಂದಿತ್ತು. ಮಾವನವರೇ ಗೆದ್ದಿದ್ದರು. ಆದರೂ ಸುಳ್ಳು ಹೇಳಲು ಬಾಯಿ ಬರಲಿಲ್ಲ, ಇದ್ದದ್ದನ್ನೇ ಹೇಳಿದೆ.

"ಅವ್ರು ಏನಾರ ತುಂಬ್ಕಳ್ಳಿ ಬಿಡ್ರಿ. ನಮ್ಮನ್ಯಾಗ ಇದು ಕಳಸಾನೇ," ಎಂದು ಜಾರಿದ್ದ ಹೂವನ್ನು ಸರಿಮಾಡಿದಳು.

ಮನೆಗೆ ಬಂದು ಪುಸ್ತಕವನ್ನು ಮಾವನವರ ಮುಂದಿಟ್ಟೆ. "ನೀವು ಹೇಳಿದ್ದೇ ಖರೆ ರೀ. ಹೆಂಡದ್ದೇ."

ಅವರ ಮುಖ ಅರಳಿತು. "ಹಂಗಾರೆ ನಾಳೆ ಕೊಟ್ಟುಬಿಡು."

"ಕೊಡಂಗಿಲ್ರಿ," ಎಂದೆ.

ಮರುದಿನ ಆ ಜಾಡಿಗೆ ಮನೆಯ ಸಕ್ಕರೆಯನ್ನೆಲ್ಲ ಸುರಿದೆ. ಮಾವನವರು ಹಟಕ್ಕೆ ಬಿದ್ದು ಸಪ್ಪೆ ಚಹಾ ಕುಡಿಯತೊಡಗಿದರು. ಕುಡಿಯಲಿ ಎಂದು ನಾನೂ ಸಪ್ಪೆಯನ್ನೇ ಕಾಸಿಕೊಟ್ಟೆ. ದೀಪಾವಳಿಯ ಬೆಳಿಗ್ಗೆ ಲೋಟ ಮುಂದೆ ಚಾಚಿ, ಬೇರೆ ಕಡೆ ನೋಡುತ್ತ, "ಸಕ್ರಿ ಹಾಕವ್ವಾ" ಎಂದರು. ಜಾಡಿಯನ್ನು ಅವರ ಕಣ್ಣೆದುರಿಗೇ ತಂದಿಟ್ಟು, ಮುಚ್ಚಳ ತೆಗೆದು, ಹಾಕಿದೆ.