ಕಂಡಿಕೆ ಸುತ್ತುವ ಮೋಟಾರು

ನನ್ನ ಸೊಸೆ ಆಟಿಕೆ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ನನ್ನ ಭುಜ ಸೋತು, ರಾಟೆ ತಿರುಗಿಸಿ ಮಗನ ಮಗ್ಗದ ಲಾಳಿಗೆ ಹಾಕುವ ರೇಷ್ಮೆ ನೂಲಿನ ಪುಟ್ಟ ಉರುಳೆ, ಅಂದರೆ ಕಂಡಿಕೆ, ಸುತ್ತಲು ಆಗದಂತಾದಾಗ ಅವಳೇ ರಾಟೆಗೊಂದು ಪುಟ್ಟ ಮೋಟಾರು ಕೂರಿಸಿದಳು. ಆದರೆ ಸ್ವಿಚ್ ಹಾಕಿದ ಕೂಡಲೇ ಅದು ಎಗರಿ ಓಡುತ್ತಿತ್ತು, ರೇಷ್ಮೆ ಎಳೆ ಪಟ್ಟನೆ ಹರಿಯುತ್ತಿತ್ತು.

"ಇದಕ್ಕೇನು ಬಸ್ಸು ತಪ್ಪಿಹೋಗುತ್ತೇನಮ್ಮ?" ಎಂದೆ. ಬಾಯಲ್ಲಿ ನಗುವಿದ್ದರೂ, ಇನ್ನು ಕೈಕಟ್ಟಿ ಕೂರುವುದೇ ಗತಿ ಎಂಬ ಭಯ ಒಳಗಿತ್ತು.

"ಅತ್ತೆ, ಒಂದ್ಸಲ ನೀವೇ ತಿರುಗಿಸಿ, ನೋಡ್ತೀನಿ."

ನೋವು ನುಂಗಿಕೊಂಡು ತಿರುಗಿಸಿದೆ. ಅವಳು ನನ್ನ ಕೈಯನ್ನೇ ನೋಡಿದಳು.

"ನೀವು ಮೊದಲು ಮೆಲ್ಲಗೆ ತಿರುಗಿಸಿ, ಆಮೇಲೆ ಜೋರು ಮಾಡ್ತೀರಿ. ಈ ಮೋಟಾರಿಗೆ ಆ ಬುದ್ಧಿ ಎಲ್ಲಿಂದ ಬರ್ಬೇಕು!"

ಉಗುರಿನಷ್ಟಗಲದ ಚಿಪ್ ಕೂರಿಸಿ ಅದಕ್ಕೆ ಪ್ರೋಗ್ರಾಂ ಬರೆದಳು. ಅದು ಕಣ್ಣಿಗೆ ಕಾಣದಷ್ಟು ಬೇಗ ಕರೆಂಟನ್ನು ಕೊಟ್ಟು ನಿಲ್ಲಿಸಿ, ಕೊಟ್ಟು ನಿಲ್ಲಿಸಿ ಮಾಡುತ್ತದಂತೆ. ಮೊದಲು ಚೂರೇ ಚೂರು, ಬರಬರುತ್ತ ಹೆಚ್ಚು.

ಗುಂಡಿ ಒತ್ತಿದೆ. ರಾಟೆ ಮೆಲ್ಲಗೆ ಹೊರಟು ವೇಗ ಹಿಡಿಯಿತು. ಎಳೆ ಹರಿಯಲಿಲ್ಲ, ಕಂಡಿಕೆ ತುಂಬಿತು.

"ಅಮ್ಮಾ, ಇನ್ನೊಂದು ಕೊಡು!" ಮಗ ಮಗ್ಗದಿಂದ ಕೂಗಿದ. ಆ ಕೂಗು ಕೇಳಿ ಎಷ್ಟು ಕಾಲವಾಗಿತ್ತು! ಸೊಸೆಯ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ.

"ಬಿಡಿ ಅತ್ತೆ, ಕೈಯೆಲ್ಲ ಎಣ್ಣೆ," ಎಂದಳು.