ಮೂರನೇ ನಂಬರಿನ ಬಿಲ್ಲೆ

ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಮುಗಿದು ಆಳುಗಳನ್ನು ತಂಡತಂಡವಾಗಿ ಬಿಟ್ಟುಕಳಿಸಿದಾಗ ಕೊನೆಯ ತಂಡದ ಜೊತೆ ಬೆಳ್ಳಪ್ಪನೂ ಸಾಗರದ ಬಾಡಿಗೆ ಮನೆಗೆ ಬಂದು ಕೂತ. ಅವನು ಅಲ್ಲಿ ಕಲ್ಲು ಹೊತ್ತವನಲ್ಲ, ಸಿಮೆಂಟು ಕಲಸಿದವನೂ ಅಲ್ಲ. ಗೇಟಿನ ಕಿಂಡಿಯಲ್ಲಿ ಕೂರುವವನು. ಒಬ್ಬೊಬ್ಬ ಆಳಿಗೂ ನಂಬರು ಹೊಡೆದ ಒಂದು ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಬೆಳಿಗ್ಗೆ ಒಳಗೆ ಹೋಗುವಾಗ ಆಳು ಅದನ್ನು ಬೆಳ್ಳಪ್ಪನ ಕೈಗೆ ಕೊಡಬೇಕು, ಬೆಳ್ಳಪ್ಪ ಹಲಗೆಯ ಮೊಳೆಗೆ ನೇತುಹಾಕಬೇಕು, ಸಂಜೆ ವಾಪಸು ಕೊಡಬೇಕು. ಮೊಳೆಯ ಮೇಲೆ ಬಿಲ್ಲೆ ಇದೆ ಅಂದರೆ ಆಳು ಒಳಗಿದ್ದಾನೆ. ಬಿಲ್ಲೆ ತರದವನು ಯಾರೇ ಆಗಲಿ, ಒಳಗೆ ಬರುವಂತಿಲ್ಲ. ಒಮ್ಮೆ ಹೆಂಡತಿಯ ಅಣ್ಣನೇ ಬಿಲ್ಲೆ ಮರೆತು ಬಂದಾಗ ಬೆಳ್ಳಪ್ಪ ಅವನನ್ನು ನಾಲ್ಕು ಮೈಲಿ ವಾಪಸು ನಡೆಸಿದ್ದ. ಆ ಮಾತು ಈಗಲೂ ನೆಂಟರ ಮನೆಗಳಲ್ಲಿ ಆಗಾಗ ಏಳುತ್ತಿತ್ತು.

ಅಪ್ಪನ ಗೇಣಿ ಗದ್ದೆ ಅದೇ ಅಣೆಕಟ್ಟಿನ ನೀರಿನಲ್ಲಿ ಮುಳುಗಿತ್ತು. ಆದ್ದರಿಂದ ಊರಿಗೆ ಹೋಗಿ ಉಳುತ್ತೇನೆ ಅನ್ನುವ ಹಾಗೂ ಇರಲಿಲ್ಲ. ಹೆಂಡತಿ ಕೆರಿಯಮ್ಮ ಅಕ್ಕಿ ಮಿಲ್ಲಿಗೆ ಕೇರುವ ಕೆಲಸಕ್ಕೆ ಹೊರಟಳು. ಹೊರಡುವ ಮೊದಲು ಗಂಡನಿಗೆ ಮೂರು ಮಕ್ಕಳನ್ನು ತೋರಿಸಿ, ಸಂಜೆ ಬಂದಾಗ ಮೂರೂ ಇರಬೇಕು, ಮಿಕ್ಕಿದ್ದು ಹೇಗಾದರೂ ಇರಲಿ ಅಂದಳು.

ದೊಡ್ಡವನು ಶಂಭು, ಎಂಟು ವರ್ಷ. ನಡುವಿನವಳು ಮೀನಾಕ್ಷಿ, ಆರು. ಚಿಕ್ಕವಳು ಹೂವಿ, ನಾಲ್ಕು ತುಂಬಿತ್ತು. ಬೇಸಿಗೆ ರಜೆ. ಒಂದನ್ನು ಕರೆದರೆ ಇನ್ನೆರಡು ಮಾಯ. ಒಂದು ವಾರ ಬೆಳ್ಳಪ್ಪ ಬೀದಿಬೀದಿ ಕೂಗುತ್ತ ತಿರುಗಿದ. ಎಂಟನೇ ದಿನ ಎಣ್ಣೆ ಡಬ್ಬಿಯ ತಗಡು ತಟ್ಟಿ ಮೂರು ಬಿಲ್ಲೆ ಕತ್ತರಿಸಿದ. ಅಂಚು ಕೈಗೆ ತಾಗದಂತೆ ಕಲ್ಲಿಗೆ ಉಜ್ಜಿದ, ಮೊಳೆಯಲ್ಲಿ ಒಂದು, ಎರಡು, ಮೂರು ಅಂತ ಚುಚ್ಚಿದ, ದಾರ ಪೋಣಿಸಿದ. ಬಾಗಿಲ ಪಕ್ಕ ಹಲಗೆ ಹೊಡೆದು ಮೂರು ಮೊಳೆ ಇಟ್ಟ. ಹೊರಗೆ ಹೋಗುವ ಮಗು ಬಿಲ್ಲೆಯನ್ನು ಕೊರಳಿಗೆ ಹಾಕಿಕೊಳ್ಳಬೇಕು, ಒಳಗೆ ಬಂದದ್ದು ಮೊಳೆಗೆ ಹಾಕಬೇಕು. ಒಂದು ಸಲ ಮೀನಾಕ್ಷಿ ಬಾವಿಕಟ್ಟೆಯ ಹತ್ತಿರ ಬಿಲ್ಲೆ ಬೀಳಿಸಿ ಬಂದಾಗ ಅದು ಸಿಗುವ ತನಕ ಉಣುಗೋಲಿನ ಆಚೆಗೇ ನಿಲ್ಲಿಸಿದ. ಬೇಲಿಯ ಸಂದಿಗೆ ಅಡ್ಡ ಹಾಕಿದ ಆ ಮೂರು ಬಿದಿರು ಕೋಲು ಅವನ ಪಾಲಿಗೆ ಅಣೆಕಟ್ಟಿನ ಗೇಟೇ ಆಯಿತು.

ಮಕ್ಕಳಿಗೆ ಇದು ಬೆಲ್ಲದಷ್ಟು ಹಿಡಿಸಿತು. ಪಕ್ಕದ ಮನೆಯ ಶಾಂತಮ್ಮನ ಮೊಮ್ಮಗ, ಆರು ವರ್ಷದ ಕನ್ನಪ್ಪ, ತನಗೂ ನಂಬರು ಬೇಕೆಂದು ಎರಡು ದಿನ ಅತ್ತ. ಹೊರಗಿನವರಿಗೆ ಕೊಡುವಂತಿಲ್ಲ ಅಂದ ಬೆಳ್ಳಪ್ಪ. ಶಾಂತಮ್ಮ ಬೇಲಿಯ ಆಚೆಯಿಂದ, ಹಾಗಾದರೆ ಕೋಳಿಗಳಿಗೂ ಕಟ್ಟಪ್ಪಾ, ನರಿಗೆ ಲೆಕ್ಕ ಸಿಗುತ್ತದೆ ಅಂದಳು.

ಹೀಗಿರುವಾಗ ತೀರ್ಥಹಳ್ಳಿ ಕಡೆಯ ಕಂಟ್ರಾಕ್ಟುದಾರ ಮಂಜುನಾಥಪ್ಪನಿಂದ ಸುದ್ದಿ ಬಂತು. ನಿಟ್ಟೂರಿನ ಹತ್ತಿರ ಅವರ ರಸ್ತೆ ಕೆಲಸ ನಡೆದಿತ್ತು, ಆಳುಗಳ ಹಾಜರಿ ಹಿಡಿಯುವವನೊಬ್ಬ ಬೇಕಿತ್ತು. ಶುಕ್ರವಾರ ಮೂರು ಗಂಟೆಯ ಹೊಸನಗರ ಬಸ್ಸಿಗೆ ಅವರು ಹೋಗುವವರು, ಅದಕ್ಕೆ ಮೊದಲು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಸಿಕ್ಕರೆ ನೋಡುತ್ತಾರೆ. ಬಸ್ಸು ಹೋದರೆ ಕೆಲಸವೂ ಹೋಯಿತು, ಕೇಳಲು ಇನ್ನೂ ಇಬ್ಬರಿದ್ದರು. ಮಿಲ್ಲಿನ ಧೂಳಿಗೆ ಕೆರಿಯಮ್ಮನ ಕೆಮ್ಮು ಹೆಚ್ಚಿತ್ತು. ಅವಳು ಹೇಳುತ್ತಿರಲಿಲ್ಲ, ಬೆಳ್ಳಪ್ಪ ಕೇಳಿಸಿಕೊಳ್ಳುತ್ತಿದ್ದ.

ಶುಕ್ರವಾರ ಮಧ್ಯಾಹ್ನ ಮೂರು ಬಟ್ಟಲಿಗೆ ಗಂಜಿ ಹಾಕಿ ಮಕ್ಕಳನ್ನು ಕೂಗಿ, ಬೆಳ್ಳಪ್ಪ ಹಿತ್ತಲಿಗೆ ಹೋಗಿ ಗಡ್ಡ ಹೆರೆಯಲು ಕೂತ. ಒಳಗಿನಿಂದ ಸುರ್ ಸುರ್ ಎಂದು ಮೂರು ಬಾಯಿಯ ಸದ್ದು ಬಂತು. ಮುಖ ತೊಳೆದು ಬಂದು ಹಲಗೆ ನೋಡಿದ. ಮೂರು ಮೊಳೆಗೆ ಮೂರು ಬಿಲ್ಲೆ. ಬಟ್ಟಲುಗಳೂ ಖಾಲಿ. ಮಿಲ್ಲಿನ ಎರಡು ಗಂಟೆಯ ಕೂಗು ಆಗಲೇ ಆಗಿತ್ತು. ಮಕ್ಕಳನ್ನು ಶಾಂತಮ್ಮನ ಮನೆಗೆ ಬಿಡೋಣವೆಂದು ಕರೆದರೆ ಶಂಭು ಬಂದ, ಮೀನಾಕ್ಷಿ ಬಂದಳು. ಹೂವಿ ಬರಲಿಲ್ಲ.

"ಹೂವಿ ಉಂಡ್ಲನಾ?" ಎಂದು ಕೇಳಿದ.

"ಮೂರನೇ ನಂಬರು ಉಣ್ತು ಅಪ್ಪಯ್ಯ" ಅಂದ ಶಂಭು. ಮೀನಾಕ್ಷಿ ಲಂಗ ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ಬೆಳ್ಳಪ್ಪ ಹೂವೀ ಎಂದು ಕೂಗಿದ. ಓ ಎಂದು ಸಣ್ಣ ಸ್ವರ ಬಂತು. ಸರಿ, ಒಳಗೇ ಅಡಗಿ ಆಟ ಕಟ್ಟಿದ್ದಾಳೆ. ಮಂಚದ ಕೆಳಗೆ ನೋಡಿದ. ಭತ್ತದ ಡಬ್ಬ ಬಗ್ಗಿಸಿದ. ಬಚ್ಚಲ ಹಂಡೆಯ ಹಿಂದೆ ಕೈ ಆಡಿಸಿ, ಒಗೆದು ಹಾಕಿಕೊಂಡ ಬಿಳಿ ಅಂಗಿಯ ತೋಳಿಗೆ ಮಸಿ ಮಾಡಿಕೊಂಡ. ಕೂಗಿದಾಗಲೆಲ್ಲ ಓ ಅನ್ನುತ್ತಿತ್ತು, ಹುಡುಕಿದರೆ ಇಲ್ಲ. ಎರಡೇ ಅಂಕಣದ ಮನೆ. ಹಾಸಿಗೆ ಸುರುಳಿ ಬಿಚ್ಚಿದ, ಕೆರಿಯಮ್ಮನ ಸೀರೆ ಪೆಟ್ಟಿಗೆ ತೆಗೆದ, ಕೊನೆಗೆ ಮಗು ಹಿಡಿಯದ ಉಪ್ಪಿನಕಾಯಿ ಭರಣಿಯ ಒಳಗೂ ಇಣುಕಿದ.

ಸದ್ದು ಕೇಳಿ ಶಾಂತಮ್ಮ ಹಿತ್ತಲ ಬಾಗಿಲಿಗೆ ಬಂದಳು. ಕೈಯೆಲ್ಲ ಹಲಸಿನ ಹಪ್ಪಳದ ಹಿಟ್ಟು.

"ಎಂತ ಹುಡುಕ್ತಿದ್ದೆ ಮಾರಾಯ, ಬಸ್ಸಿಗೆ ಹೋಗಲ್ವಾ?"

"ಹೂವಿ ಶಾಂತಕ್ಕ. ಒಳಗೇ ಇದಾಳೆ, ಸಿಗ್ತಾ ಇಲ್ಲ."

"ಹೊರಗೆ ನೋಡಿದ್ಯಾ?"

"ಹೊರಗೆ ಎಂತಕ್ಕೆ ನೋಡ್ಲಿ? ಬಿಲ್ಲೆ ಮೊಳೆ ಮೇಲಿದೆ."

ಶಾಂತಮ್ಮ ಹಲಗೆಯನ್ನೂ ನೋಡಿದಳು, ಅವನನ್ನೂ ನೋಡಿದಳು. "ಹಂಗಾರೆ ಆ ಬಿಲ್ಲೆಗೇ ಎಣ್ಣೆ ಹಚ್ಚಿ ಜಡೆ ಹಾಕು. ಕೆರಿಯಮ್ಮ ಬಂದಾಗ ಅದನ್ನೇ ಕೊಡು."

ಬೆಳ್ಳಪ್ಪ ಮತ್ತೊಮ್ಮೆ ಕೂಗಿದ. ಈ ಸಲ ಓ ಬರಲಿಲ್ಲ. ಇನ್ನೊಮ್ಮೆ ಕೂಗಿದ. ಇಲ್ಲ. ಅವನ ಕಾಲು ತಾನಾಗಿ ಬಾವಿಯ ಕಡೆ ನಡೆಯಿತು. ಅಣೆಕಟ್ಟಿನ ಗೇಟಿನಲ್ಲಿ ಆರು ವರ್ಷ ಹಲಗೆಯನ್ನು ನಂಬಿದವನು ಮೊದಲ ಸಲ ಅದನ್ನು ಬಿಟ್ಟು, ಕಟ್ಟೆ ಹಿಡಿದು ಬಗ್ಗಿ ನೋಡಿದ. ಬೇಸಿಗೆಯ ಬಾವಿ, ತಳದಲ್ಲಿ ಎರಡು ಮೊಳ ನೀರು, ಅದರಲ್ಲಿ ಅವನದೇ ತಲೆ. ಬೇರೇನೂ ಇರಲಿಲ್ಲ. ಆದರೂ ಕಟ್ಟೆ ಸುತ್ತಿ ಬಂದು ಇನ್ನೊಂದು ಬದಿಯಿಂದಲೂ ಬಗ್ಗಿ ನೋಡಿದ.

ಅಷ್ಟರಲ್ಲಿ ಮುಂದುಗಡೆಯಿಂದ ಶಾಂತಮ್ಮ ಕರೆದಳು. ಹೂವಿ ಉಣುಗೋಲಿನ ಆಚೆ, ಬೇಲಿಯ ನೆರಳಿನಲ್ಲಿ, ಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿ ನಿದ್ದೆಹೋಗಿದ್ದಳು. ಗಲ್ಲದ ತುಂಬ ಹಪ್ಪಳದ ಹಿಟ್ಟು ಮೆತ್ತಿತ್ತು. ಎತ್ತಿಕೊಂಡದ್ದೇ ಕಣ್ಣು ಬಿಟ್ಟಳು.

"ಇಲ್ಲಿ ಎಂತಕ್ಕೆ ಕೂತಿದ್ದೆ ಮಗಾ? ಒಳಗೆ ಬರೋದಲ್ದಾ?"

"ಬಿಲ್ಲೆ ಇಲ್ಲ ಅಪ್ಪಯ್ಯ" ಅಂದಳು ಹೂವಿ. "ಬಿಲ್ಲೆ ಇಲ್ದೋರು ಒಳಗೆ ಬರ್ಬಾರ್ದು ಅಂತ ನೀನೇ ಹೇಳಿದ್ದಲ್ದಾ. ನೀನು ಕರ್ದಾಗೆಲ್ಲ ಓ ಅಂದೆ. ಗೇಟು ತೆಗೀಲೇ ಇಲ್ಲ."

ಒಂದೊಂದೇ ಎಳೆ ಬಿಚ್ಚಿಕೊಂಡಿತು. ಹಪ್ಪಳ ಕಾಯಲು ಕೂತಿದ್ದ ಕನ್ನಪ್ಪ ಒಂದು ಉಂಡೆ ಹಿಟ್ಟು ಕೊಟ್ಟು ಹೂವಿಯ ಬಿಲ್ಲೆ ಇಸಕೊಂಡಿದ್ದ. ಕೊರಳಿಗೆ ಹಾಕಿಕೊಂಡು ಠೀವಿಯಿಂದ ಒಳಗೆ ಬಂದು ಮೊಳೆಗೆ ನೇತುಹಾಕಿ, ಮೂರನೇ ಬಟ್ಟಲಿನ ಗಂಜಿ ಕುಡಿದು, ಬೆಳ್ಳಪ್ಪ ಮುಖ ತೊಳೆಯಲು ಬಗ್ಗಿದಾಗ ಹಿತ್ತಲ ಕಡೆಯಿಂದ ನುಸುಳಿ ತಿರುಗಿ ಹಪ್ಪಳ ಕಾಯಲು ಹೋಗಿದ್ದ. ಬಿಲ್ಲೆ ತಂದವನೇ ಮೂರನೇ ನಂಬರು ಅಂತ ಶಂಭು ತೀರ್ಮಾನ ಮಾಡಿದ್ದ. ಅಪ್ಪನ ಕಾನೂನಿನ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ.

ಮೂರಕ್ಕೆ ಎಷ್ಟು ಹೊತ್ತಿದೆಯೋ ಗೊತ್ತಿಲ್ಲ. ದೊಡ್ಡವರಿಬ್ಬರನ್ನು ಶಾಂತಮ್ಮನಿಗೆ ಒಪ್ಪಿಸಿದ. ಹೂವಿ ಮಾತ್ರ ಕೊರಳು ಬಿಡಲಿಲ್ಲ, ಅವನಿಗೂ ಬಿಡಿಸಿಕೊಳ್ಳುವ ಮನಸ್ಸಿರಲಿಲ್ಲ. ಸೊಂಟದ ಮೇಲೆ ಕೂರಿಸಿಕೊಂಡೇ ಓಡಿದ.

ಬಸ್‌ಸ್ಟ್ಯಾಂಡಿನಲ್ಲಿ ಹೊಸನಗರದ ಬಸ್ಸು ಗುರುಗುಡುತ್ತ ನಿಂತಿತ್ತು. ಮಂಜುನಾಥಪ್ಪ ಆಗಲೇ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರು. ದಪ್ಪ ಮೀಸೆ, ಕಂಕುಳಲ್ಲಿ ಕೊಡೆ. ತೋಳಿಗೆ ಮಸಿ ಹತ್ತಿದ ಅಂಗಿ, ಸೊಂಟದ ಮೇಲೆ ಹಿಟ್ಟು ಮೆತ್ತಿದ ಮಗು, ಏದುಸಿರು, ಇದನ್ನೆಲ್ಲ ಮೇಲಿಂದ ಕೆಳಗೆ ನೋಡಿ, ಹಾಜರಿ ಹಿಡಿಯುವವನೇ ಹೊತ್ತಿಗೆ ಬರದಿದ್ದರೆ ಹೇಗಪ್ಪಾ ಅಂದರು. ಸುಳ್ಳು ಹೇಳಲು ಬೆಳ್ಳಪ್ಪನಿಗೆ ಉಸಿರಿರಲಿಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳಿದ. ಭರಣಿ ಇಣುಕಿದ್ದನ್ನೂ ಬಿಡಲಿಲ್ಲ. ಕಂಡಕ್ಟರು ಸೀಟಿ ಊದುವುದನ್ನು ಮರೆತು ಕೇಳುತ್ತಿದ್ದ.

ಮಂಜುನಾಥಪ್ಪ ಮೆಟ್ಟಿಲಿನಿಂದ ಕಾಲು ಕೆಳಗಿಟ್ಟರು.

"ಅಲ್ಲಯ್ಯ, ನನ್ನ ಕೆಲಸದಲ್ಲಿ ಅರವತ್ತು ಆಳು ಇದಾರೆ. ಒಬ್ಬನ ಹೆಸರಲ್ಲಿ ಇನ್ನೊಬ್ಬ ಬಂದು ಹಾಜರಿ ಹಾಕಿಸ್ಕೊಂಡು ಮರದ ಬುಡದಲ್ಲಿ ಮಲಗ್ತಾನೆ. ಎಲ್ಲ ಈ ಕನ್ನಪ್ಪನ ಜಾತಿಯೇ. ಅವ್ರನ್ನ ಹಿಡಿಯೋನು ಬೇಕು ನಂಗೆ. ಹಿಡೀತೀಯಾ?"

"ನಿನ್ನೆ ಕೇಳಿದ್ರೆ ಆಗ್ತಿರ್ಲಿಲ್ಲ ಸಾವ್ಕಾರ್ರೆ" ಅಂದ ಬೆಳ್ಳಪ್ಪ. "ಇವತ್ತಿಂದ ಹಿಡೀತೀನಿ. ಮುಖ ನೋಡ್ದೆ ಬರ್ಕಳಲ್ಲ."

ಅವರು ಹೂವಿಯ ಕಡೆ ತಿರುಗಿ, ನಿಮ್ಮಪ್ಪನನ್ನು ನಂಬಬಹುದಾ ಎಂದು ಕೇಳಿದರು. ಹೂವಿ ಯೋಚನೆ ಮಾಡಿ, ಕೂಗಿದರೆ ಕಿವಿ ಸ್ವಲ್ಪ ಕೇಳುವುದಿಲ್ಲ ಅಂದಳು. ಮಂಜುನಾಥಪ್ಪ ನಗುತ್ತಲೇ ಬಸ್ಸು ಹತ್ತಿ, ಕಿಟಕಿಯಿಂದ, ಸೋಮವಾರ ನಿಟ್ಟೂರಿಗೆ ಬಾ, ಉಳಿಯಲು ಗುಡಿಸಲು ಕೊಡುತ್ತೇನೆ ಅಂದರು.

ಸಂಜೆ ಕೆರಿಯಮ್ಮ ಮನೆಗೆ ಮುಟ್ಟುವ ಮೊದಲೇ ಶಾಂತಮ್ಮ ಬೇಲಿಯ ಹತ್ತಿರ ನಿಂತು ಮೊದಲಿನಿಂದ ಕೊನೆವರೆಗೆ ಹೇಳಿ ಮುಗಿಸಿದ್ದಳು. ಕೆರಿಯಮ್ಮ ಬಾವಿಯ ಮಾತು ಬಂದಾಗ ಸೆರಗು ಹಿಡಿದುಕೊಂಡಳು, ಭರಣಿಯ ಮಾತು ಬಂದಾಗ ನಕ್ಕಳು, ನಕ್ಕದ್ದಕ್ಕೆ ಕೆಮ್ಮಿದಳು. ಕೆಮ್ಮು ನಿಂತ ಮೇಲೆ, ಗಂಡನಿಗೆ ಕೆಲಸ ಸಿಕ್ಕಿತಲ್ಲ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾರೆ, ಇನ್ನು ಮಿಲ್ಲು ಬಿಡುತ್ತೇನೆ ಅಂದಳು.

ಒಬ್ಬಳೇ ಹೇಗೆ ಸುಧಾರಿಸುತ್ತೀಯೆ ಎಂದು ಕೇಳಿದಳು ಶಾಂತಮ್ಮ.

ಜಗಲಿಯಲ್ಲಿ ಬೆಳ್ಳಪ್ಪ ಅಂಗಿಯ ಮಸಿಗೆ ಸೋಪು ಉಜ್ಜುತ್ತಿದ್ದ. ಅವನಿಗೆ ಕೇಳಿಸುವಷ್ಟೇ ಗಟ್ಟಿಯಾಗಿ ಕೆರಿಯಮ್ಮ ಹೇಳಿದಳು: "ಕಷ್ಟ ಎಂತದು ಶಾಂತಕ್ಕ. ಇಷ್ಟು ದಿನ ಮನೇಲಿ ನಾಲ್ಕು ಮಕ್ಕಳಿದ್ವು. ಸೋಮವಾರದಿಂದ ಮೂರೇ ಅಲ್ದಾ."